ಸೆರೆಮನೆಯ ಆಸ್ಪತ್ರೆಗೆ ಕೆಲಸಕ್ಕೆ ಸೇರುವ ಮುನ್ನ

ಪುಣೆಯಲ್ಲಿ ಕನ್ನಡಿಗ ನರ್ಸ್‌ಗಳ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ

ಕಾರಾಗೃಹದ ಆಸ್ಪತ್ರೆಯಲ್ಲಿ ನರ್ಸ್ ಹುದ್ದೆ ಖಾಲಿ ಇದೆಯಂತೆ, ಅರ್ಜಿ ಹಾಕಲೇ ಎಂದು ಇಲ್ಲಿ ಕುಳಿತಿರುವ ಮೂವರು ಈಚೆಗೆ ನನ್ನನ್ನು ಕೇಳಿದ್ದೀರಿ. ಮೂವರ ಮನೆಯಲ್ಲೂ ಬೇಡವೆಂದಿದ್ದಾರೆ. ಮೂವರಿಗೂ ಒಳಗೊಳಗೆ ಹೋಗಬೇಕೆಂಬ ಮನಸ್ಸಿದೆ. ಫೋನಿನಲ್ಲಿ ನಾನು ಕೊಟ್ಟದ್ದು ಅರ್ಧ ಉತ್ತರ. ಹನ್ನೊಂದು ವರ್ಷ ಅಂಥದೊಂದು ಆಸ್ಪತ್ರೆಯಲ್ಲಿ ದುಡಿದವಳಾಗಿ ಉಳಿದ ಅರ್ಧವನ್ನು ಇಂದು ಹೇಳುತ್ತೇನೆ. ಅದು ಯಾವ ಜೈಲು ಎಂಬುದನ್ನು ಮಾತ್ರ ಹೇಳುವುದಿಲ್ಲ, ಏಕೆಂದರೆ ಅಲ್ಲಿನ ರೋಗಿಗಳ ಗುಟ್ಟನ್ನು ಕಾಯುವ ಹೊಣೆ ನಿವೃತ್ತಿಯೊಂದಿಗೆ ಮುಗಿದಿಲ್ಲ.

ಮೊದಲು ಭಯದ ಮಾತನ್ನು ಮುಗಿಸಿಬಿಡೋಣ. ನನ್ನ ಮೂವತ್ತು ವರ್ಷಗಳ ನೌಕರಿಯಲ್ಲಿ ನನ್ನ ಮೇಲೆ ಕೈ ಎತ್ತಿದವರು ಇಬ್ಬರು. ಇಬ್ಬರೂ ಹೊರಗಿನ ಆಸ್ಪತ್ರೆಯ ಕ್ಯಾಜುವಾಲ್ಟಿಯಲ್ಲಿ ರೋಗಿಯ ಜೊತೆಗೆ ಬಂದವರು. ಜೈಲಿನ ಓಪಿಡಿಯಲ್ಲಿ, ಅಂದರೆ ಹೊರರೋಗಿ ವಿಭಾಗದಲ್ಲಿ, ಬಾಗಿಲ ಬಳಿ ಜೈಲಿನ ಕಾವಲುಗಾರ ವಾರ್ಡರ್ ಇರುತ್ತಾನೆ, ರೋಗಿಗಳು ಹೆಸರು ಕರೆದಂತೆ ಒಬ್ಬೊಬ್ಬರಾಗಿ ಬರುತ್ತಾರೆ. ಕತ್ತರಿ, ಸೂಜಿ, ಬ್ಲೇಡುಗಳನ್ನು ಪಾಳಿಯ ಆರಂಭದಲ್ಲಿ ಎಣಿಸಿ ಪಡೆದು, ಮುಗಿದಾಗ ಎಣಿಸಿ ಒಪ್ಪಿಸಬೇಕು. ಒಂದು ಸಿರಿಂಜ್ ಕಡಿಮೆ ಬಿದ್ದರೂ ಅದು ಸಿಗುವ ತನಕ ಯಾರೂ ಕದಲುವಂತಿಲ್ಲ. ಮೊಬೈಲನ್ನು ಗೇಟಿನಲ್ಲೇ ಬಿಟ್ಟುಹೋಗಬೇಕು. ಮನೆಯಲ್ಲಿ ಎಳೆಯ ಮಗುವನ್ನೋ ಹಾಸಿಗೆ ಹಿಡಿದ ಅತ್ತೆಯನ್ನೋ ಬಿಟ್ಟು ಬರುವವರಿಗೆ, ಎಂಟು ಗಂಟೆ ಯಾರ ಕೈಗೂ ಸಿಗದೆ ಇರುವುದು ಕೈದಿಗಳ ಭಯಕ್ಕಿಂತ ದೊಡ್ಡ ಕಷ್ಟವಾಗುತ್ತದೆ. ಇದನ್ನು ಮನೆಯವರೊಡನೆ ಮೊದಲೇ ಮಾತಾಡಿಕೊಳ್ಳಿ.

ಇನ್ನು, ನೀವು ಅಲ್ಲಿ ಯಾರಿಗೆ ಶುಶ್ರೂಷೆ ಮಾಡಲಿದ್ದೀರಿ? ಕೊಲೆಗಡುಕರಿಗೆ ಎಂದು ಮನೆಯವರು ಹೇಳುತ್ತಾರೆ. 2022ರ ಕೊನೆಗೆ ನಮ್ಮ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿದೆ. ಅವರಲ್ಲಿ ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು ಜನ ವಿಚಾರಣಾಧೀನರು, ಅಂದರೆ ತಪ್ಪಿತಸ್ಥರೆಂದು ಯಾವ ನ್ಯಾಯಾಲಯವೂ ಇನ್ನೂ ಹೇಳದವರು. ಮಹಾರಾಷ್ಟ್ರದ ಜೈಲುಗಳಲ್ಲಿ ಅವರಿಗೆ ‘ಕಚ್ಚಾ ಕೈದಿ’ ಎನ್ನುತ್ತಾರೆ, ಶಿಕ್ಷೆಯಾದವರು ‘ಪಕ್ಕಾ ಕೈದಿ’. ಆ ವರ್ಷ ನೂರು ಜನರ ಜಾಗದಲ್ಲಿ ನೂರಮೂವತ್ತೊಂದು ಜನ ಇದ್ದದ್ದು ದೇಶದ ಸರಾಸರಿ; ಮುಂಬೈಯ ಆರ್ಥರ್ ರೋಡ್ ಜೈಲಿನಂಥ ಕಡೆ ಜನಸಂದಣಿ ಅದಕ್ಕೂ ಎಷ್ಟೋ ಪಾಲು ಹೆಚ್ಚು. 2020ರ ಮೇ ತಿಂಗಳಲ್ಲಿ ಆ ಒಂದು ಜೈಲಿನಲ್ಲಿ ನೂರಕ್ಕೂ ಹೆಚ್ಚು ಕೈದಿಗಳಿಗೆ ಕೋವಿಡ್ ತಗುಲಿದಾಗ ನಮಗಾರಿಗೂ ಆಶ್ಚರ್ಯವಾಗಲಿಲ್ಲ. ಒಬ್ಬನ ಕಜ್ಜಿಗೆ ಔಷಧಿ ಕೊಟ್ಟು ಅವನನ್ನು ಕೈದಿಗಳು ಒಟ್ಟಿಗೆ ಮಲಗುವ ಅದೇ ಬರಾಕಿಗೆ, ಅದೇ ಕಂಬಳಿಗೆ ಕಳುಹಿಸಿದರೆ ಹತ್ತು ದಿನಕ್ಕೆ ಅವನು ಮತ್ತೆ ಕೆರೆದುಕೊಳ್ಳುತ್ತಾ ಬರುತ್ತಾನೆ. ಅಲ್ಲಿ ಕಜ್ಜಿಗೆ ಚಿಕಿತ್ಸೆ ಎಂದರೆ ಇಡೀ ಬರಾಕಿಗೆ ಒಂದೇ ರಾತ್ರಿ ಮುಲಾಮು, ಮಾರನೆಯ ದಿನ ಎಲ್ಲ ಕಂಬಳಿಗಳೂ ಬಿಸಿಲಿಗೆ, ವಾರದ ಮೇಲೆ ಮತ್ತೊಮ್ಮೆ ಅದೇ ಕೆಲಸ. ಜೈಲರನ್ನು ಒಪ್ಪಿಸಿ, ವಾರ್ಡರ್‌ಗಳನ್ನು ಹುರಿದುಂಬಿಸಿ ಇದನ್ನು ಮಾಡಿಸುವವಳು ನರ್ಸ್.

ಈಗ ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಜೈಲಿನಲ್ಲಿ ನೀವು ದಿನಕ್ಕೆ ಹತ್ತು ಸಲ ಕೇಳುವ ಒಂದು ಮಾತಿದೆ: ‘ನಾಟಕ್ ಕರ್ತೋಯ್’. ನಾಟಕ ಮಾಡುತ್ತಿದ್ದಾನೆ. ಬರಾಕಿನಿಂದ ರೋಗಿಯನ್ನು ಕರೆತರುವ ವಾರ್ಡರ್ ರೋಗದ ಲಕ್ಷಣಕ್ಕಿಂತ ಮೊದಲು ಈ ಮಾತನ್ನು ನಿಮ್ಮ ಮೇಜಿನ ಮೇಲಿಡುತ್ತಾನೆ. ಅವನು ಕೆಟ್ಟವನಲ್ಲ, ಸುಳ್ಳು ಹೊಟ್ಟೆನೋವು ಹೇಳಿಕೊಂಡು ಆಸ್ಪತ್ರೆಯ ಮಂಚ ಹಿಡಿದವರನ್ನು ಅವನು ನೋಡಿದ್ದಾನೆ, ನಾನೂ ನೋಡಿದ್ದೇನೆ. ಆದರೆ ಆ ಮಾತನ್ನು ಒಮ್ಮೆ ನಂಬಿದ ಮೇಲೆ ನಿಮ್ಮ ಕಣ್ಣು ಕೆಲಸ ಮಾಡುವುದನ್ನು ನಿಲ್ಲಿಸುತ್ತದೆ. ನನ್ನದು ಹಾಗೆ ನಿಂತ ಒಂದು ದಿನವನ್ನು ನಿಮಗೆ ಹೇಳಬೇಕು.

ಹೊಸ ಕೈದಿಗಳು ಬರುವುದು ಹೆಚ್ಚಾಗಿ ಸಂಜೆ, ಕೋರ್ಟಿನ ಕೆಲಸ ಮುಗಿದ ಮೇಲೆ. ಅಂಥ ಒಂದು ಸಂಜೆ ಬಂದವರಲ್ಲಿ ಸುಮಾರು ನಲವತ್ತರ ಒಬ್ಬ ಗಾರೆ ಕೆಲಸದವನಿದ್ದ. ತೂಕ, ಬಿಪಿ, ಮೈಮೇಲಿನ ಗಾಯ ಎಲ್ಲ ಬರೆದುಕೊಂಡೆ. ಕೈ ಮುಂದೆ ಚಾಚು ಎಂದಾಗ ಬೆರಳುಗಳು ಸಣ್ಣಗೆ ನಡುಗುತ್ತಿದ್ದವು, ಅಂಗೈ ಒದ್ದೆಯಾಗಿತ್ತು. ಮೊದಲ ಸಲ ಜೈಲಿಗೆ ಬಂದವನು, ಹೆದರಿದ್ದಾನೆ ಎಂದುಕೊಂಡೆ. ‘ಕುಡಿಯುತ್ತೀಯಾ’ ಎಂದು ಕೇಳಿದೆ, ‘ಇಲ್ಲ’ ಎಂದ. ಪಕ್ಕದಲ್ಲಿ ಪೊಲೀಸರು ನಿಂತಿರುವಾಗ ಯಾರು ತಾನೇ ಹೌದೆನ್ನುತ್ತಾರೆ? ಮಾರನೆಯ ದಿನ ಅವನು ಊಟ ಬಿಟ್ಟ. ಮೂರನೆಯ ದಿನ ಬೆಳಿಗ್ಗೆ ಗೋಡೆಯ ಮೇಲೆ ಇರುವೆ ಹರಿಯುತ್ತಿವೆ ಎಂದು ಕೂಗಿಕೊಳ್ಳತೊಡಗಿದ. ನಾಟಕ ಎಂದರು. ಓಪಿಡಿಯಲ್ಲಿ ನನ್ನ ಮುಂದೆ ಎಪ್ಪತ್ತು ಜನರ ಸಾಲಿತ್ತು. ಆಮೇಲೆ ಕರೆತನ್ನಿ ಎಂದೆ. ಒಂದು ಗಂಟೆಯ ಬಳಿಕ ನಾಲ್ವರು ಅವನನ್ನು ಹೊತ್ತು ತಂದರು. ಮೈ ಕೆಂಡದಂತೆ ಸುಡುತ್ತಿತ್ತು, ಫಿಟ್ಸ್ ಬಂದು ನಾಲಿಗೆ ಕಚ್ಚಿಕೊಂಡಿದ್ದ.

ದಿನವೂ ಕುಡಿಯುವವನಿಗೆ ಕುಡಿತ ಥಟ್ಟನೆ ನಿಂತರೆ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು ಶುರುವಾಗುತ್ತದೆ. ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡನೆಯ ದಿನ ಕಳೆದ ಮೇಲೆ ಬುದ್ಧಿ ಕದಡಿ, ಇಲ್ಲದ್ದು ಕಾಣತೊಡಗಬಹುದು. ಇದನ್ನು ನಾವೆಲ್ಲರೂ ಓದಿದ್ದೇವೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೇವೆ. ಬಂಧನವಾದ ಗಳಿಗೆಯಿಂದ ಲೆಕ್ಕ ಹಾಕಿದ್ದರೆ ಅವನ ಮೂರು ದಿನಗಳೂ ಆ ಪಾಠದಂತೆಯೇ ನಡೆದಿದ್ದವು. ವೈದ್ಯರು ಫಿಟ್ಸ್ ತಡೆಯುವ ಲೊರಾಜೆಪಾಮ್ ಕೊಟ್ಟರು, ಗ್ಲೂಕೋಸ್ ಏರಿಸುವ ಮೊದಲು ಥಯಾಮಿನ್ ಎಂಬ ವಿಟಮಿನ್ ಕೊಡಿಸಿದರು, ಹೊರಗಿನ ಆಸ್ಪತ್ರೆಗೆ ಕಳುಹಿಸಿದರು, ಅವನು ಬದುಕಿದ. ಆದರೆ ಆ ಒದ್ದೆ ಅಂಗೈಯನ್ನು ನಾನು ಮುಟ್ಟಿದ್ದೆ. ಮುಟ್ಟಿಯೂ ತಪ್ಪು ತಿಳಿದೆ. ಅಂದಿನಿಂದ ಹೊಸಬರ ಕುಡಿತದ ಪ್ರಶ್ನೆಯನ್ನು ಪೊಲೀಸರು ಗೇಟು ದಾಟಿ ಹೋದ ಮೇಲೆ, ರೋಗಿಯ ಪಕ್ಕದಲ್ಲಿ ಕುಳಿತು ಕೇಳುತ್ತಿದ್ದೆ. ‘ಕುಡಿಯುತ್ತೀಯಾ’ ಎಂದಲ್ಲ, ‘ಕೊನೆಗೆ ಕುಡಿದದ್ದು ಯಾವಾಗ’ ಎಂದು. ಉತ್ತರ ಸಿಗುತ್ತಿತ್ತು. ನಡುಗುವ ಕೈಯವರ ಹೆಸರನ್ನು ಬೇರೆ ಹಾಳೆಯಲ್ಲಿ ಬರೆದು ಮೂರು ದಿನ ಬೆಳಿಗ್ಗೆ, ಸಂಜೆ ನಾನೇ ಹೋಗಿ ನೋಡುತ್ತಿದ್ದೆ.

ಆದ್ದರಿಂದ ಈ ಕೆಲಸಕ್ಕೆ ಹೋಗಬೇಕೇ ಬೇಡವೇ ಎಂದು ನೀವು ಕೇಳಿದಾಗ ನಾನು ನಿಮ್ಮನ್ನು ತಿರುಗಿ ಕೇಳುವುದು ಇಷ್ಟೇ: ಸುತ್ತಲಿನವರೆಲ್ಲ ನಾಟಕ ಎನ್ನುತ್ತಿರುವಾಗ, ನೂರನೆಯ ಸಲವೂ, ಅಭಿಪ್ರಾಯಕ್ಕಿಂತ ಮೊದಲು ನಾಡಿ ಹಿಡಿಯಲು ನಿಮ್ಮಿಂದ ಆದೀತೇ? ನೂರರಲ್ಲಿ ಅರವತ್ತು ಸಲ ಅದು ನಾಟಕವೇ ಆಗಿರಲಿ. ಆ ತೀರ್ಮಾನವನ್ನು ಪರೀಕ್ಷೆ ಮಾಡಿದ ಮೇಲೆ ನೀವು ಹೇಳಬೇಕು, ಬಾಗಿಲಲ್ಲಿ ನಿಂತವರು ಹೇಳಬಾರದು.

ಜೈಲಿನ ಗಡಿಯಾರಕ್ಕೂ ದೇಹದ ಗಡಿಯಾರಕ್ಕೂ ಹೊಂದಾಣಿಕೆ ಇಲ್ಲ ಎಂಬುದು ಹೊಸಬರಿಗೆ ಹೊಳೆಯುವುದು ತಡವಾಗಿ. ಕತ್ತಲಾಗುವ ಮೊದಲು ಎಲ್ಲರನ್ನೂ ಎಣಿಸಿ ಒಳಗೆ ಹಾಕಿ ಬೀಗ ಜಡಿಯಬೇಕಾದ್ದರಿಂದ ರಾತ್ರಿಯೂಟ ಸಂಜೆಯೇ ಆಗಿಹೋಗುತ್ತದೆ. ಸಕ್ಕರೆ ಕಾಯಿಲೆಯವನಿಗೆ ಆ ಹೊತ್ತಿಗೆ ಬೇಗ ಕೆಲಸ ಮಾಡುವುದೂ ನಿಧಾನವಾಗಿ ಕೆಲಸ ಮಾಡುವುದೂ ಬೆರೆತ ಮಿಶ್ರ ಇನ್ಸುಲಿನ್ ಚುಚ್ಚಿ ಕಳುಹಿಸಿದರೆ, ಅದರ ನಿಧಾನದ ಪಾಲು ನಡುರಾತ್ರಿಯ ಸುಮಾರಿಗೆ ಜೋರು ಮಾಡುತ್ತದೆ, ಮುಂದಿನ ತಿಂಡಿಗೆ ಇನ್ನೂ ಆರೇಳು ಗಂಟೆ ಇರುತ್ತದೆ. ಬೆವೆತು ಅಂಗಿ ಒದ್ದೆಯಾಗಿ, ಮಾತು ತೊದಲಿ, ಪಕ್ಕದವನನ್ನು ಬೈದು ತಳ್ಳುವ ಆ ಮನುಷ್ಯನನ್ನು ಜಗಳಗಂಟನೆಂದು ಬರೆದುಕೊಂಡದ್ದೂ ಉಂಟು. ಅವನಿಗೆ ಬೇಕಾದದ್ದು ನಾಲ್ಕು ಚಮಚ ಸಕ್ಕರೆ. ನಮ್ಮಲ್ಲಿ ವೈದ್ಯರು ಡೋಸ್ ಬದಲಿಸಿದರು. ಜೈಲರ ಲಿಖಿತ ಅನುಮತಿಯಿಂದ ಇನ್ಸುಲಿನ್ ತೆಗೆದುಕೊಳ್ಳುವವರಿಗೆಲ್ಲ ಕ್ಯಾಂಟೀನಿನ ಒಂದು ಬಿಸ್ಕತ್ತು ಪೊಟ್ಟಣವನ್ನು ರಾತ್ರಿಗೆ ಕೊಡಿಸಿದೆವು. ಆ ಒಂದು ಪೊಟ್ಟಣಕ್ಕೆ ನಾನು ಬರೆದ ಅರ್ಜಿಗಳು ಐದು. ಅರ್ಜಿ ಬರೆಯಲು ಬೇಸರಪಡುವವರು ಆ ಕೆಲಸಕ್ಕೆ ಹೋಗಬಾರದು.

ನಮ್ಮ ಊರಿನದೇ ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕೆನಿಸುತ್ತದೆ. 1924ರ ಜನವರಿಯಲ್ಲಿ ಯೆರವಡಾ ಜೈಲಿನಲ್ಲಿದ್ದ ಗಾಂಧೀಜಿಯವರಿಗೆ ಅಪೆಂಡಿಸೈಟಿಸ್ ಆಗಿ, ಅವರನ್ನು ಸಸೂನ್ ಆಸ್ಪತ್ರೆಗೆ ಸಾಗಿಸಿ, 12ರ ರಾತ್ರಿ ಕರ್ನಲ್ ಮ್ಯಾಡಕ್ ಶಸ್ತ್ರಚಿಕಿತ್ಸೆ ಮಾಡಿದರು. ನಡುವೆ ವಿದ್ಯುತ್ ದೀಪ ಆರಿಹೋಗಿ ಲಾಟೀನಿನ ಬೆಳಕಿನಲ್ಲಿ ಮುಗಿಸಬೇಕಾಯಿತು. ನಾವು ಲಾಟೀನನ್ನೇ ನೆನಪಿಟ್ಟುಕೊಂಡಿದ್ದೇವೆ. ನನಗೆ ಮುಖ್ಯವಾಗಿ ಕಾಣುವುದು ಆ ಕೆಲವೇ ಕಿಲೋಮೀಟರ್ ದಾರಿ. ಅಂದು ಆ ದಾರಿ ಸಮಯಕ್ಕೆ ತೆರೆಯಿತು. ಇಂದು ಹೆಸರಿಲ್ಲದ ಒಬ್ಬ ಕೈದಿಯನ್ನು ಜೈಲಿನಿಂದ ದೊಡ್ಡಾಸ್ಪತ್ರೆಗೆ ಕಳುಹಿಸಬೇಕಾದರೆ ವೈದ್ಯರ ಚೀಟಿಯೊಂದೇ ಸಾಲದು, ಪೊಲೀಸ್ ಎಸ್ಕಾರ್ಟ್, ಅಂದರೆ ಜೊತೆಗೆ ಹೋಗುವ ಕಾವಲು, ಬರಬೇಕು; ಗಣಪತಿ ಹಬ್ಬವೋ ಚುನಾವಣೆಯೋ ಮಂತ್ರಿಗಳ ಭೇಟಿಯೋ ಇದ್ದರೆ ಎಸ್ಕಾರ್ಟ್ ಇಲ್ಲ, ಸ್ಕ್ಯಾನಿಂಗಿನ ತಾರೀಕು ತಪ್ಪಿತು, ಮುಂದಿನದು ತಿಂಗಳ ಮೇಲೆ. ಹೀಗೆ ತಪ್ಪಿದ ತಾರೀಕುಗಳನ್ನು ನಾನು ಕೆಂಪು ಶಾಯಿಯಲ್ಲಿ ಬರೆದಿಡುತ್ತಿದ್ದೆ. ಯಾರನ್ನೂ ದೂರುವುದಕ್ಕಲ್ಲ, ಮೂರು ಸಲ ತಪ್ಪಿದವನ ಹೆಸರು ನಾಲ್ಕನೆಯ ಸಲ ಪಟ್ಟಿಯ ಮೇಲುಗಡೆ ಬರಲಿ ಎಂದು.

ಬರೆದಿಡುವ ಈ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 1894ರ ಕಾರಾಗೃಹ ಕಾಯ್ದೆ ಬ್ರಿಟಿಷರದು, ಅದರ ಜಾಗಕ್ಕೆ ಹೊಸ ಕಾನೂನುಗಳು ಬರುತ್ತಿವೆ. ಆದರೆ ಕೈದಿ ಸತ್ತಾಗ ಏನೇನು ದಾಖಲಿಸಬೇಕೆಂದು ಅದು ಹೇಳಿದ್ದನ್ನು ಓದಿ: ಅವನು ಕಾಯಿಲೆಯೆಂದು ಮೊದಲು ಹೇಳಿದ್ದು ಯಾವ ದಿನ, ಅಂದು ಅವನಿಗೆ ಯಾವ ಕೆಲಸ ಕೊಟ್ಟಿತ್ತು, ಯಾವ ಊಟ ಕೊಟ್ಟಿತ್ತು, ವೈದ್ಯಾಧಿಕಾರಿಗೆ ಸುದ್ದಿ ಮುಟ್ಟಿದ್ದು ಎಂದು, ಸಾಯುವ ಮುನ್ನ ಅವನನ್ನು ವೈದ್ಯಾಧಿಕಾರಿಯಾಗಲಿ ಅವರ ಕೈಕೆಳಗಿನವರಾಗಲಿ ಕೊನೆಯ ಸಲ ನೋಡಿದ್ದು ಯಾವಾಗ. ಈ ಪ್ರಶ್ನೆಗಳ ಉತ್ತರ ನಿಮ್ಮ ರಿಜಿಸ್ಟರಿನಲ್ಲಿರುತ್ತದೆ, ಇಲ್ಲವಾದರೆ ಎಲ್ಲೂ ಇರುವುದಿಲ್ಲ. ಕಸ್ಟಡಿಯಲ್ಲಿ ಸಾವಾದರೆ 24 ಗಂಟೆಗಳೊಳಗೆ ಮಾನವ ಹಕ್ಕುಗಳ ಆಯೋಗಕ್ಕೆ ವರದಿ ಹೋಗಬೇಕು. ಅಂದು ನೀವು ನೆನಪಿನಿಂದ ಹೇಳುವ ಮಾತಿಗೆ ಬೆಲೆಯಿಲ್ಲ. ಆ ದಿನವೇ, ಗಂಟೆ ಹಾಕಿ ಬರೆದದ್ದಕ್ಕೆ ಬೆಲೆ. ಹೊಸಬನ ಮೈಮೇಲಿನ ಗುರುತುಗಳನ್ನು ದಾಖಲಿಸುವುದೂ ಹಾಗೆಯೇ. ಬೆನ್ನಿನ ಮೇಲೆ ಬಾಸುಂಡೆ ಇದ್ದವನೊಬ್ಬನನ್ನು ತಂದ ಪೊಲೀಸರು, ‘ಸಿಸ್ಟರ್, ಹಳೆಯ ಗಾಯ ಎಂದು ಬರೆದುಕೊಳ್ಳಿ’ ಎಂದು ನಯವಾಗಿಯೇ ಹೇಳಿದ್ದರು. ಬಣ್ಣ, ಉದ್ದ, ಜಾಗ, ಎಷ್ಟು ಎಂಬುದನ್ನು ಬರೆದು ವೈದ್ಯರನ್ನು ಕರೆದೆ. ಹಳೆಯದೋ ಹೊಸದೋ ಎಂಬುದನ್ನು ಅವರು ಪರೀಕ್ಷಿಸಿ ಬರೆದರು. ಆ ಸಂಜೆ ನನ್ನ ಕೈಯೂ ನಡುಗಿತ್ತು. ಇಂಥ ಸಂಜೆಗಳು ಬರುತ್ತವೆ ಎಂದು ತಿಳಿದೇ ಸೇರಿಕೊಳ್ಳಿ.

ನಿಮ್ಮ ಬೆನ್ನಿಗೆ ಏನೂ ಇಲ್ಲವೆಂದಲ್ಲ. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳು, ಹೊರಗಿನ ಸಮಾಜದಲ್ಲಿ ಸಿಗುವ ಮಟ್ಟದ ಆರೋಗ್ಯಸೇವೆಯೇ ಕೈದಿಗೂ ಸಿಗಬೇಕೆಂದೂ, ಚಿಕಿತ್ಸೆಯ ತೀರ್ಮಾನವನ್ನು ವೈದ್ಯಕೀಯೇತರ ಸಿಬ್ಬಂದಿ ತಳ್ಳಿಹಾಕುವಂತಿಲ್ಲವೆಂದೂ, ಶಿಕ್ಷೆ ವಿಧಿಸುವುದರಲ್ಲಿ ಆರೋಗ್ಯ ಸಿಬ್ಬಂದಿಗೆ ಯಾವ ಪಾತ್ರವೂ ಇರಬಾರದೆಂದೂ ಹೇಳುತ್ತವೆ. ಬೆಂಗಳೂರಿನ ಕೇಂದ್ರ ಕಾರಾಗೃಹದ ಕೈದಿಯೊಬ್ಬ ಬರೆದ ಪತ್ರದಿಂದ ಹುಟ್ಟಿದ ರಾಮಮೂರ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಲ್ಲೇ, ಜೈಲುಗಳ ದೊಡ್ಡ ಸಮಸ್ಯೆಗಳಲ್ಲಿ ಆರೋಗ್ಯದ ಕಡೆಗಣನೆಯೂ ಒಂದೆಂದು ಗುರುತಿಸಿತ್ತು. ಒಬ್ಬ ಕೈದಿಯ ಪತ್ರಕ್ಕೆ ಅಷ್ಟು ಶಕ್ತಿ ಇದ್ದರೆ ನಿಮ್ಮ ರಿಜಿಸ್ಟರಿಗೂ ಇದೆ.

ಕನ್ನಡದ ಮಾತು ಹೇಳದೆ ಮುಂದೆ ಹೋಗಲಾರೆ. ಪುಣೆ, ಮುಂಬೈ, ಗೋವೆಯ ಕಟ್ಟಡ ಕೆಲಸಗಳಿಗೆ ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದ ನಮ್ಮವರು ಎಷ್ಟಿದ್ದಾರೆಂಬುದು ನಿಮಗೆ ಗೊತ್ತು. ಅವರಲ್ಲಿ ಕೆಲವರು ಜೈಲಿಗೂ ಬರುತ್ತಾರೆ. ಸಿಂದಗಿ ಕಡೆಯ ಹಿರಿಯರೊಬ್ಬರು ಎದೆ ಮುಟ್ಟಿಕೊಂಡು ಎರಡು ದಿನ ಓಪಿಡಿಗೆ ಬಂದರು. ಅವರಿಗೆ ಮರಾಠಿ ಬಾರದು. ಜೊತೆಯ ಕೈದಿ ಗ್ಯಾಸ್ ಎಂದು ಅನುವಾದಿಸಿದ, ಆ್ಯಂಟಾಸಿಡ್ ಕೊಟ್ಟು ಕಳುಹಿಸಲಾಗಿತ್ತು. ಮೂರನೆಯ ದಿನ ನಾನು ಪಾಳಿಗೆ ಬಂದು ‘ಏನಾಗ್ತದರಿ ಕಾಕಾ’ ಎಂದೆ. ಅವರು ನನ್ನ ಮುಖ ನೋಡಿ ಕಣ್ಣಲ್ಲಿ ನೀರು ತಂದುಕೊಂಡು, ‘ಯವ್ವಾ, ಎದಿ ಮ್ಯಾಲ ಕಲ್ಲ ಇಟ್ಟಂಗ ಆಗ್ತದ, ಎಡಗೈ ಜುಮ್ ಅಂತದ’ ಎಂದರು. ಇಸಿಜಿ ತೆಗೆಸಿ ಆ ದಿನವೇ ಹೊರಗೆ ಕಳುಹಿಸಿದೆವು. ಅದೇ ಕನ್ನಡ ನಿಮ್ಮನ್ನು ಸಿಕ್ಕಿಸಿಯೂ ಹಾಕುತ್ತದೆ. ‘ಅಕ್ಕಾರ, ನಮ್ಮವ್ವಗ ಒಂದ್ ಫೋನ್ ಹಚ್ಚಿ ನಾ ಆರಾಮ ಅದೀನಿ ಅಂತ ಹೇಳ್ರಿ, ಅಷ್ಟ ಸಾಕ’ ಎಂದು ಇಪ್ಪತ್ತೆರಡರ ಹುಡುಗನೊಬ್ಬ ನಂಬರ್ ಬರೆದ ಚೀಟಿ ಚಾಚಿದ. ನಾನು ತೆಗೆದುಕೊಳ್ಳಲಿಲ್ಲ. ಇಂದು ತಾಯಿಗೆ ಮಾಡಿದ ಫೋನು ನಾಳೆ ಇನ್ಯಾರಿಗೋ ಮಾಡಬೇಕಾದ ಫೋನಾಗುತ್ತದೆ, ಮಾಡದಿದ್ದರೆ ಹೇಳಿಬಿಡುತ್ತೇನೆ ಎಂಬ ಬೆದರಿಕೆಯಾಗುತ್ತದೆ. ಅವನ ಹೆಸರನ್ನು ಕಾನೂನು ನೆರವಿಗೆ ಬರುವ ವಕೀಲರಿಗೆ ಕೊಟ್ಟೆ. ಅವರ ಮೂಲಕ ತಾಯಿಗೆ ಸುದ್ದಿ ಮುಟ್ಟಿತು, ಆಕೆ ಮುಲಾಖತ್ತಿಗೂ, ಅಂದರೆ ಜೈಲಿನ ಭೇಟಿಗೂ, ಬಂದರು. ತಡವಾಯಿತು, ಆದರೆ ದಾರಿ ನೆಟ್ಟಗಿತ್ತು.

ಮಹಿಳಾ ವಿಭಾಗದಲ್ಲಿ ಕೆಲಸ ಸಿಕ್ಕರೆ ಮಕ್ಕಳೂ ನಿಮ್ಮ ರೋಗಿಗಳಾಗುತ್ತಾರೆ. ಸುಪ್ರೀಂ ಕೋರ್ಟಿನ 2006ರ ಆರ್.ಡಿ. ಉಪಾಧ್ಯಾಯ ತೀರ್ಪಿನಂತೆ ಆರು ವರ್ಷದವರೆಗೆ ಮಗು ತಾಯಿಯೊಡನೆ ಇರಬಹುದು. ಸಾಧ್ಯವಿದ್ದಷ್ಟೂ ಹೆರಿಗೆ ಜೈಲಿನ ಹೊರಗಿನ ಆಸ್ಪತ್ರೆಯಲ್ಲಾಗಬೇಕು. ಒಳಗೇ ಹುಟ್ಟಿದರೆ ಜನನ ಪತ್ರದಲ್ಲಿ ಜೈಲನ್ನು ಹುಟ್ಟಿದ ಸ್ಥಳವೆಂದು ಬರೆಯಕೂಡದು. ಮೂರು ವರ್ಷದ ಒಬ್ಬ ಹುಡುಗ ಕೆಮ್ಮೆಂದು ಬಂದಿದ್ದ. ಸ್ಟೆತಸ್ಕೋಪ್ ಹಿಡಿದು ಅವನ ಮುಂದೆ ಕುಳಿತದ್ದೇ ತಡ, ಆ ಮಗು ಕಾಲು ಅಗಲಿಸಿ, ಎರಡೂ ಕೈಗಳನ್ನು ಪಕ್ಕಕ್ಕೆ ಚಾಚಿ ನಿಂತಿತು. ದೊಡ್ಡವರ ಝಡತಿ, ಅಂದರೆ ಮೈತಪಾಸಣೆ, ನೋಡಿ ನೋಡಿ ಕಲಿತದ್ದು. ನಾನು ಅದರ ಕೈಗಳನ್ನು ಇಳಿಸಿ ಸ್ಟೆತಸ್ಕೋಪನ್ನು ಅದರ ಕಿವಿಗೇ ಹಾಕಿದೆ. ತಾಯಿ ತಲೆ ತಗ್ಗಿಸಿಕೊಂಡಿದ್ದಳು.

ಸಂದರ್ಶನಕ್ಕೆ ಹೋದಾಗ ಸಂಬಳದ ಜೊತೆಗೆ ಕೆಲವು ಪ್ರಶ್ನೆಗಳನ್ನು ನಾಚದೆ ಕೇಳಿ. ನನ್ನ ಮೇಲಧಿಕಾರಿ ವೈದ್ಯಾಧಿಕಾರಿಯೋ ಜೈಲು ಅಧೀಕ್ಷಕರೋ? ಹುದ್ದೆ ಕಾಯಂ, ಗುತ್ತಿಗೆ, ನಿಯೋಜನೆ ಇವುಗಳಲ್ಲಿ ಯಾವುದು? ರಾತ್ರಿ ವೈದ್ಯರು ಇರುತ್ತಾರೋ ಅಥವಾ ಫೋನಿನಲ್ಲೋ? 2016ರ ಮಾದರಿ ಕಾರಾಗೃಹ ಕೈಪಿಡಿ 300 ಕೈದಿಗಳಿಗೆ ಒಬ್ಬ ವೈದ್ಯರಿರಬೇಕೆನ್ನುತ್ತದೆ. ಇಲ್ಲಿ ನಿಜವಾಗಿ ಎಷ್ಟು ಮಂದಿ? ರೋಗಿಯನ್ನು ಪರೀಕ್ಷಿಸುವಾಗ ವಾರ್ಡರ್ ಕಣ್ಣಿಗೆ ಕಾಣುವಷ್ಟು, ಮಾತು ಕೇಳಿಸದಷ್ಟು ದೂರ ನಿಲ್ಲುವ ವ್ಯವಸ್ಥೆ ಇದೆಯೇ? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರದಿಂದಲೇ ಆ ಆಸ್ಪತ್ರೆ ಎಂಥದ್ದೆಂದು ನಿಮಗೆ ತಿಳಿಯುತ್ತದೆ. ಕರ್ನಾಟಕದಲ್ಲಿ ಓದಿದವರು ಇಲ್ಲಿನ ನರ್ಸಿಂಗ್ ಕೌನ್ಸಿಲಿನ ನೋಂದಣಿಯನ್ನು ಮೊದಲೇ ಮಾಡಿಸಿಕೊಳ್ಳಿ, ಅದಕ್ಕೆ ಸಮಯ ಹಿಡಿಯುತ್ತದೆ.

ಕೊನೆಗೊಂದು ಕ್ಷಯರೋಗಿಯ ವಿಷಯ. ಆರು ತಿಂಗಳ ಚಿಕಿತ್ಸೆಯಲ್ಲಿ ಎರಡು ತಿಂಗಳು ಮುಗಿದು, ಕಫದಲ್ಲಿ ರೋಗಾಣು ಕಾಣದಂತಾಗಿ, ತೂಕ ನಾಲ್ಕು ಕಿಲೋ ಏರಿತ್ತು. ಒಂದು ಸಂಜೆ ಅವನ ಜಾಮೀನಿನ ಆದೇಶ ಬಂತು. ಆದೇಶ ಬಂದರೆ ಗೇಟು ಯಾರಿಗೂ ಕಾಯುವುದಿಲ್ಲ, ಕಾಯಲೂ ಬಾರದು. ನಾನು ಮನೆಗೆ ಹೋಗಿದ್ದೆ. ಅವನು ಮಾತ್ರೆಯಿಲ್ಲದೆ, ಚೀಟಿಯಿಲ್ಲದೆ ಹೊರಟುಹೋದ. ಐದು ತಿಂಗಳ ಮೇಲೆ ಅದೇ ಕೇಸಿನಲ್ಲಿ ತಿರುಗಿ ಬಂದಾಗ ಉಗುಳಿನಲ್ಲಿ ರಕ್ತವಿತ್ತು. ಆಮೇಲೆ ನಾವು ಕ್ಷಯ, ಎಚ್ಐವಿ, ಫಿಟ್ಸ್, ಸಕ್ಕರೆ ಕಾಯಿಲೆಯ ಪ್ರತಿಯೊಬ್ಬ ವಿಚಾರಣಾಧೀನನ ಹೆಸರಿನಲ್ಲೂ ಒಂದೊಂದು ಲಕೋಟೆ ಮಾಡಿದೆವು: ಒಳಗೆ ಹದಿನೈದು ದಿನದ ಮಾತ್ರೆ, ಅವನ ಊರಿನ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ವೈದ್ಯರ ಪತ್ರ. ಹೊರಗೆ ರೋಗದ ಹೆಸರಿಲ್ಲ, ಕೈದಿಯ ಹೆಸರು ಮತ್ತು ನಂಬರ್ ಮಾತ್ರ. ಪೆಟ್ಟಿಗೆಯನ್ನು ಗೇಟಿನ ಕೋಣೆಯಲ್ಲಿ, ಬಿಡುಗಡೆಯ ಸಹಿ ಹಾಕಿಸಿಕೊಳ್ಳುವ ಮೇಜಿನ ಕೆಳಗೆ ಇಟ್ಟೆವು. ತಿಂಗಳಿಗೊಮ್ಮೆ ಅವಧಿ ಮುಗಿಯುವ ಮಾತ್ರೆಗಳನ್ನು ತೆಗೆದು ಹೊಸದನ್ನು ತುಂಬುವುದು ನನ್ನ ಕೆಲಸ. ನಾನು ನಿವೃತ್ತಳಾದ ದಿನ ಆ ಪೆಟ್ಟಿಗೆಯಲ್ಲಿ ನಲವತ್ತೊಂದು ಲಕೋಟೆಗಳಿದ್ದವು. ನನ್ನ ಜಾಗಕ್ಕೆ ಬಂದ ಹುಡುಗಿಗೆ ಎಣಿಸಿ ಒಪ್ಪಿಸಿದೆ.